ಫಿಸಿಯಾಲಜಿಯಲ್ಲಿ ಸ್ನಾತಕೋತ್ತರ ವ್ಯಾಸಂಗ, ಸಂಶೋಧನೆ: ಮಂಗಳೂರು–ಉಡುಪಿಯ ವಿಭಾಗಗಳನ್ನು ಹೋಲಿಸುವುದು ಹೇಗೆ?

ಮಂಗಳೂರಿನಿಂದ ಮಣಿಪಾಲದವರೆಗಿನ ಸುಮಾರು 65 ಕಿಲೋಮೀಟರ್ ಹೆದ್ದಾರಿಯ ಆಸುಪಾಸಿನಲ್ಲಿ ಇರುವಷ್ಟು ವೈದ್ಯಕೀಯ ಕಾಲೇಜುಗಳು ಕರ್ನಾಟಕದಲ್ಲಿ ಬೆಂಗಳೂರನ್ನು ಬಿಟ್ಟರೆ ಬೇರೆ ಕಡೆ ಸಿಗುವುದು ಅಪರೂಪ. ಎಂಬಿಬಿಎಸ್ ಮೊದಲ ವರ್ಷದಲ್ಲಿ ಶರೀರಕ್ರಿಯಾಶಾಸ್ತ್ರವನ್ನು ಕಲಿಸಲೇಬೇಕಾಗಿರುವುದರಿಂದ ಈ ಎಲ್ಲ ಕಾಲೇಜುಗಳಲ್ಲೂ ಫಿಸಿಯಾಲಜಿ ವಿಭಾಗವಿದೆ. ಎಲ್ಲ ವಿಭಾಗಗಳ ಪರಿಚಯ ಪುಸ್ತಿಕೆಯಲ್ಲೂ ‘ಸುಸಜ್ಜಿತ ಪ್ರಯೋಗಾಲಯ’ ಎಂಬ ಮಾತಿದೆ. ಆದರೆ ನೂರೈವತ್ತು ಮಂದಿ ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ರಕ್ತದೊತ್ತಡ ಅಳೆಯುವುದನ್ನೂ ಹಿಮೋಗ್ಲೋಬಿನ್ ನೋಡುವುದನ್ನೂ ಚೆನ್ನಾಗಿ ಕಲಿಸುವ ವಿಭಾಗವೇ ಒಬ್ಬ ಸಂಶೋಧಕನನ್ನು ತಯಾರು ಮಾಡುವ ವಿಭಾಗವೂ ಆಗಿರುತ್ತದೆ ಎಂದು ಹೇಳಲಾಗದು. ಇವೆರಡರ ನಡುವಿನ ಅಂತರವನ್ನು ಪ್ರವೇಶ ಪಡೆಯುವ ಮೊದಲೇ ಗುರುತಿಸಲು ನೆರವಾಗಲಿ ಎಂಬುದು ಈ ಬರಹದ ಉದ್ದೇಶ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ವಿಭಾಗವನ್ನು ಅಲ್ಲಿರುವ ಉಪಕರಣಗಳ ಪಟ್ಟಿಯಿಂದ ಅಳೆಯಬಾರದು, ಆ ಉಪಕರಣಗಳ ಮೇಲೆ ವಿದ್ಯಾರ್ಥಿಗಳು ಸ್ವತಃ ಕೈಯಿಟ್ಟು ಕೆಲಸ ಮಾಡಿ ಮುಗಿಸಿದ ಥೀಸಿಸ್‌ಗಳಿಂದ ಅಳೆಯಬೇಕು.

ಮೊದಲು ಪದವಿ, ಆಮೇಲೆ ಕಾಲೇಜು

ಕಾಲೇಜಿನ ಹೆಸರಿನ ಚರ್ಚೆಗೆ ಇಳಿಯುವ ಮುನ್ನ ಯಾವ ಪದವಿ ಎಂಬುದನ್ನು ತೀರ್ಮಾನಿಸಬೇಕು. ಎಂಬಿಬಿಎಸ್ ಮುಗಿಸಿದವರಿಗೆ ನೀಟ್-ಪಿಜಿ ಪ್ರವೇಶ ಪರೀಕ್ಷೆಯ ಮೂಲಕ ಮೂರು ವರ್ಷಗಳ ಎಂಡಿ ಇದೆ. ಜೀವವಿಜ್ಞಾನ ಅಥವಾ ಆರೋಗ್ಯ ವಿಜ್ಞಾನದ ಪದವೀಧರರಿಗೆ ಮೂರು ವರ್ಷಗಳ ಎಂಎಸ್ಸಿ ಮೆಡಿಕಲ್ ಫಿಸಿಯಾಲಜಿ ಇದೆ. ಈ ಎರಡರಲ್ಲಿ ಯಾವುದನ್ನು ಮುಗಿಸಿದವರಿಗೂ, ಹಾಗೆಯೇ ಪ್ರಾಣಿಶಾಸ್ತ್ರ, ಜೀವರಸಾಯನಶಾಸ್ತ್ರಗಳಲ್ಲಿ ಎಂಎಸ್ಸಿ ಮಾಡಿದವರಿಗೂ ಪಿಎಚ್‌ಡಿ ತೆರೆದಿದೆ.

ಎಂಡಿಯ ಬಗ್ಗೆ ಒಂದು ವಾಸ್ತವವನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಪ್ರೀ-ಕ್ಲಿನಿಕಲ್ ವಿಷಯಗಳ, ಅಂದರೆ ರೋಗಿಗಳ ಚಿಕಿತ್ಸೆಗೆ ಮೊದಲು ಕಲಿಸುವ ಫಿಸಿಯಾಲಜಿ, ಅನಾಟಮಿಯಂತಹ ಮೂಲ ವಿಷಯಗಳ ಸೀಟುಗಳು ದೇಶದಾದ್ಯಂತ ಭರ್ತಿಯಾಗದೆ ಉಳಿಯುತ್ತವೆ. 2023ರಲ್ಲಿ ಕೇಂದ್ರ ಸರ್ಕಾರ ನೀಟ್-ಪಿಜಿಯ ಅರ್ಹತಾ ಪರ್ಸೆಂಟೈಲನ್ನು ಸೊನ್ನೆಗೇ ಇಳಿಸಿತು. ಹೀಗಾಗಿ ಫಿಸಿಯಾಲಜಿಯನ್ನು ಬಯಸಿ ಬರುವ ಅಭ್ಯರ್ಥಿಗೆ ಸೀಟು ಸಿಗುತ್ತದೆಯೋ ಇಲ್ಲವೋ ಎಂಬ ಚಿಂತೆ ಕಡಿಮೆ, ಆಯ್ಕೆ ಮಾಡುವ ಸ್ವಾತಂತ್ರ್ಯ ಹೆಚ್ಚು. ಮೆಡಿಸಿನ್ ಅಥವಾ ಮಕ್ಕಳ ವಿಭಾಗಕ್ಕೆ ಹಂಬಲಿಸಿ ಸಿಗದೆ ಹೋದವರು ಕೊನೆಯ ಸುತ್ತಿನಲ್ಲಿ ಕೈಗೆ ಬಂದ ಕಾಲೇಜನ್ನು ಒಪ್ಪಿಕೊಳ್ಳುವಂತೆ ಇವರು ಒಪ್ಪಿಕೊಳ್ಳಬೇಕಾಗಿಲ್ಲ. ಮೊದಲ ಸುತ್ತಿನಲ್ಲೇ ವಿಭಾಗವನ್ನು ಹುಡುಕಿ ಆರಿಸಬಹುದು, ಆರಿಸಬೇಕು.

ಎಂಡಿಯ ಮೂರು ವರ್ಷ ಮೇಲ್ನೋಟಕ್ಕೆ ದೀರ್ಘವೆನಿಸಿದರೂ ಸಂಶೋಧನೆಗೆ ಉಳಿಯುವ ಸಮಯ ಅಷ್ಟಿಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಸ್ನಾತಕೋತ್ತರ ನಿಯಮಗಳ ಪ್ರಕಾರ ಮೂರು ತಿಂಗಳು ಜಿಲ್ಲಾ ರೆಸಿಡೆನ್ಸಿಗೆ, ಅಂದರೆ ಜಿಲ್ಲಾ ಆಸ್ಪತ್ರೆ ವ್ಯವಸ್ಥೆಯಲ್ಲಿನ ಕೆಲಸಕ್ಕೆ, ಹೋಗುತ್ತದೆ. ಸಂಶೋಧನಾ ವಿಧಾನಗಳ ಕೋರ್ಸು, ಎಥಿಕ್ಸ್ ಕೋರ್ಸು, ಎಂಬಿಬಿಎಸ್ ಪ್ರಾಕ್ಟಿಕಲ್ ಬ್ಯಾಚುಗಳು, ಸೆಮಿನಾರು, ಜರ್ನಲ್ ಕ್ಲಬ್‌ ಇವೆಲ್ಲ ಕಳೆದ ಮೇಲೆ ದತ್ತಾಂಶ ಸಂಗ್ರಹಕ್ಕೆ ಒಂದು ವರ್ಷ, ಹೆಚ್ಚೆಂದರೆ ಒಂದೂವರೆ ವರ್ಷ ಉಳಿಯುತ್ತದೆ. ಆದ್ದರಿಂದ ಎಂಡಿಗೆ ಸೇರುವವರು ಈಗಾಗಲೇ ಸಿದ್ಧವಾಗಿ ನಡೆಯುತ್ತಿರುವ ಪ್ರಯೋಗಾಲಯವೊಂದನ್ನು ಹುಡುಕಬೇಕೇ ಹೊರತು, ‘ನೀವು ಬಂದ ಮೇಲೆ ಹೊಸ ಲ್ಯಾಬ್ ಮಾಡೋಣ’ ಎನ್ನುವ ವಿಭಾಗವನ್ನು ನಂಬಿ ಹೋಗಬಾರದು.

ಎಂಎಸ್ಸಿ ಮೆಡಿಕಲ್ ಫಿಸಿಯಾಲಜಿಯ ಮೊದಲ ವರ್ಷದಲ್ಲಿ ಅನಾಟಮಿ, ಬಯೋಕೆಮಿಸ್ಟ್ರಿಗಳನ್ನೂ ಸೇರಿಸಿ ಕಲಿಸುತ್ತಾರೆ. ಮುಂದಿನ ಎರಡು ವರ್ಷ ಪೂರ್ತಿ ಫಿಸಿಯಾಲಜಿಗೆ. ಈ ಪದವಿ ರೋಗಿಗಳಿಗೆ ಚಿಕಿತ್ಸೆ ನೀಡುವ ಹಕ್ಕನ್ನು ಕೊಡುವುದಿಲ್ಲ ಎಂಬುದನ್ನು ಹೆತ್ತವರಿಗೂ ಮೊದಲೇ ಸ್ಪಷ್ಟಪಡಿಸುವುದು ಒಳ್ಳೆಯದು, ಏಕೆಂದರೆ ಹೆಸರಿನಲ್ಲಿರುವ ‘ಮೆಡಿಕಲ್’ ಕಂಡು ತಪ್ಪು ನಿರೀಕ್ಷೆ ಇಟ್ಟುಕೊಳ್ಳುವ ಮನೆಗಳು ಇವೆ. ವೈದ್ಯಕೀಯ ಕಾಲೇಜುಗಳಲ್ಲಿ ವೈದ್ಯೇತರ ಅಧ್ಯಾಪಕರ ಪಾಲು ಎಷ್ಟಿರಬೇಕು ಎಂಬ ನಿಯಮ ಈಚಿನ ವರ್ಷಗಳಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಬದಲಾಗಿದೆ. 2020ರ ಬಿಗಿ ನಿಯಮಗಳ ನಂತರ ಎಂಎಸ್ಸಿ, ಪಿಎಚ್‌ಡಿ ಮಾಡಿದ ಅನೇಕರು ಕೆಲಸದ ಅನಿಶ್ಚಿತತೆಯನ್ನು ಅನುಭವಿಸಿದ್ದಾರೆ. ಅಧ್ಯಾಪಕ ಹುದ್ದೆಯೊಂದನ್ನೇ ಗುರಿಯಾಗಿಟ್ಟುಕೊಂಡು ಈ ದಾರಿಯನ್ನು ಹಿಡಿಯುವುದಕ್ಕಿಂತ, ಪಿಎಚ್‌ಡಿಯವರೆಗೆ ಹೋಗಿ ಸಂಶೋಧನಾ ಸಂಸ್ಥೆಗಳು, ಕ್ಲಿನಿಕಲ್ ನ್ಯೂರೋಫಿಸಿಯಾಲಜಿ ಘಟಕಗಳು, ನಿದ್ರಾ ಪ್ರಯೋಗಾಲಯಗಳು, ಕ್ರೀಡಾ ವಿಜ್ಞಾನ ಮುಂತಾದ ಕಡೆಗಳಲ್ಲೂ ಉಪಯೋಗಕ್ಕೆ ಬರುವಂತಹ ಕೌಶಲವನ್ನು ಗಳಿಸಿಕೊಳ್ಳುವುದು ಹೆಚ್ಚು ಸುರಕ್ಷಿತ ಎಂದು ನನಗೆ ಅನಿಸುತ್ತದೆ.

ಮನುಷ್ಯರ ಮೇಲಿನ ಅಧ್ಯಯನವೋ, ಪ್ರಾಣಿಗಳ ಮೇಲಿನ ಅಧ್ಯಯನವೋ?

ವಿಭಾಗಗಳ ನಡುವಿನ ನಿಜವಾದ ವ್ಯತ್ಯಾಸ ತೆರೆದುಕೊಳ್ಳುವುದು ಈ ಪ್ರಶ್ನೆಯಲ್ಲಿ. ಕಪ್ಪೆಯ ಸ್ನಾಯು ಮತ್ತು ನರವನ್ನು ಬಿಡಿಸಿ, ಮಸಿ ಹಿಡಿಸಿದ ಡ್ರಮ್ಮಿನ ಮೇಲೆ ಗೆರೆ ಎಳೆಯಿಸುತ್ತಿದ್ದ ಕಾಲ ಪದವಿ ತರಗತಿಗಳಲ್ಲಿ ಮುಗಿದಿದೆ. ಅದರ ಜಾಗಕ್ಕೆ ಕಂಪ್ಯೂಟರ್ ಸಿಮ್ಯುಲೇಶನ್ ಬಂದಿದೆ. ಸ್ನಾತಕೋತ್ತರ ಸಂಶೋಧನೆಯಲ್ಲಿ ಇಲಿಗಳ ಬಳಕೆ ಕಾನೂನಿನ ಚೌಕಟ್ಟಿನೊಳಗೆ ಇನ್ನೂ ಇದೆ, ಆದರೆ ಹೆಚ್ಚಿನ ವಿಭಾಗಗಳು ಮಾನವ ಶರೀರಕ್ರಿಯೆಯ ಕಡೆಗೆ ವಾಲಿವೆ.

ಮಾನವ ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಕಾಣುವುದು ಸ್ವಾಯತ್ತ ನರವ್ಯೂಹದ (ಹೃದಯ ಬಡಿತ, ರಕ್ತದೊತ್ತಡಗಳನ್ನು ತಾನಾಗಿ ನಿಯಂತ್ರಿಸುವ ನರಗಳ) ಪರೀಕ್ಷೆಗಳು, ಹೃದಯ ಬಡಿತದ ವ್ಯತ್ಯಯವನ್ನು ಅಳೆಯುವ ಎಚ್‌ಆರ್‌ವಿ, ನರವಾಹಕತೆಯ ಪರೀಕ್ಷೆ, ದೃಷ್ಟಿ ಮತ್ತು ಶ್ರವಣದ ಇವೋಕ್ಡ್ ಪೊಟೆನ್ಶಿಯಲ್ (ಬೆಳಕು, ಶಬ್ದಗಳಿಗೆ ಮೆದುಳು ತೋರುವ ವಿದ್ಯುತ್ ಪ್ರತಿಕ್ರಿಯೆ), ಮೆದುಳಿನ ವಿದ್ಯುತ್ ಚಟುವಟಿಕೆ ದಾಖಲಿಸುವ ಇಇಜಿ, ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಸ್ಪೈರೋಮೆಟ್ರಿ, ಟ್ರೆಡ್‌ಮಿಲ್ ಅಥವಾ ಸೈಕಲ್ ಎರ್ಗೋಮೀಟರ್. ಉಪಕರಣ ಚಂಡೀಗಢದ ಆರ್‌ಎಂಎಸ್ ಕಂಪನಿಯ ಪಾಲಿರೈಟ್ ಆಗಿರಬಹುದು, ಪವರ್‌ಲ್ಯಾಬ್ ಅಥವಾ ಬಯೋಪ್ಯಾಕ್ ಆಗಿರಬಹುದು. ಸ್ವಾಯತ್ತ ನರವ್ಯೂಹದ ಒಂದು ಪ್ರಾಮಾಣಿಕ ಥೀಸಿಸ್‌ಗೆ ಇವುಗಳಲ್ಲಿ ಯಾವುದಾದರೂ ಸಾಕು. ಬ್ರ್ಯಾಂಡ್ ಕಂಡು ಮರುಳಾಗುವುದಕ್ಕಿಂತ, ಪರೀಕ್ಷೆಗಳನ್ನು ಅಲ್ಲಿ ಎಷ್ಟು ಶಿಸ್ತಿನಿಂದ ನಡೆಸುತ್ತಾರೆ ಎಂಬುದನ್ನು ಗಮನಿಸಬೇಕು.

ಉದಾಹರಣೆಗೆ, ನಿಮಿಷಕ್ಕೆ ಆರು ಉಸಿರಿನ ಆಳವಾದ ಉಸಿರಾಟದ ಪರೀಕ್ಷೆ, ಪಾದರಸದ 40 ಮಿಲಿಮೀಟರ್ ಒತ್ತಡವನ್ನು 15 ಸೆಕೆಂಡು ಊದಿ ಹಿಡಿದಿಡುವ ವಾಲ್ಸಾಲ್ವಾ ಪರೀಕ್ಷೆ, ಮಲಗಿದ್ದವರು ಎದ್ದು ನಿಂತಾಗ ಮೂವತ್ತನೆಯ ಮತ್ತು ಹದಿನೈದನೆಯ ಹೃದಯ ಬಡಿತಗಳ ಅಂತರವನ್ನು ಹೋಲಿಸುವ 30:15 ಅನುಪಾತ, ಗರಿಷ್ಠ ಶಕ್ತಿಯ ಶೇಕಡಾ 30ರಷ್ಟು ಬಲದಿಂದ ಹಿಡಿ ಬಿಗಿಯುವ ಪರೀಕ್ಷೆ, ಇವೆಲ್ಲವೂ ಕಾಗದದ ಮೇಲೆ ಸುಲಭ. ಆದರೆ ಸ್ವಯಂಸೇವಕರು ಕಾಫಿ ಕುಡಿಯದೆ ಬಂದಿದ್ದಾರೆಯೇ, ಕೊಠಡಿ ನಿಶ್ಶಬ್ದವಾಗಿದೆಯೇ, ಎಲ್ಲರನ್ನೂ ದಿನದ ಒಂದೇ ಹೊತ್ತಿನಲ್ಲಿ ಅಳೆಯಲಾಗುತ್ತಿದೆಯೇ ಎಂಬುದನ್ನು ಅವಲಂಬಿಸಿ ಫಲಿತಾಂಶ ಬೇರೆಯಾಗುತ್ತದೆ. ಎಚ್‌ಆರ್‌ವಿಯ ಬಗ್ಗೆ 1996ರಲ್ಲಿ ಯುರೋಪ್ ಮತ್ತು ಉತ್ತರ ಅಮೆರಿಕದ ಹೃದಯತಜ್ಞರ ಸಂಘಗಳು ಸೇರಿ ರೂಪಿಸಿದ ಮಾನದಂಡ ಐದು ನಿಮಿಷಗಳ ಸ್ಥಿರ ದಾಖಲೆಯನ್ನು ಶಿಫಾರಸು ಮಾಡುತ್ತದೆ. ಎಂಬಿಬಿಎಸ್ ಪ್ರಾಕ್ಟಿಕಲ್ ನಡೆಯುತ್ತಿರುವ ಸಭಾಂಗಣದ ಮೂಲೆಯಲ್ಲಿ ಪರದೆ ಎಳೆದು ತೆಗೆದ ದಾಖಲೆಯಲ್ಲಿ ಆ ಸ್ಥಿರತೆ ಬರುವುದಿಲ್ಲ. ಸಂಶೋಧನೆಗೆಂದೇ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಸಣ್ಣ ಕೊಠಡಿ ಇರುವ ವಿಭಾಗವನ್ನು ನಾನು ದುಬಾರಿ ಯಂತ್ರವಿದ್ದೂ ಕೊಠಡಿಯಿಲ್ಲದ ವಿಭಾಗಕ್ಕಿಂತ ಮೇಲಿನದೆಂದು ಎಣಿಸುತ್ತೇನೆ.

ಕರಾವಳಿಯ ಹವೆಯನ್ನೂ ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೆವರಿದ ಚರ್ಮದ ಮೇಲೆ ಎಲೆಕ್ಟ್ರೋಡ್ ನಿಲ್ಲುವುದಿಲ್ಲ, ಆದ್ದರಿಂದ ಹವಾನಿಯಂತ್ರಣ ಬೇಕು. ಆದರೆ ಏಸಿಯ ಕೊಠಡಿಯಲ್ಲಿ ಕೈಕಾಲು ತಣ್ಣಗಾದರೆ ನರವಾಹಕತೆಯ ವೇಗ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸೆಕೆಂಡಿಗೆ ಸುಮಾರು ಎರಡು ಮೀಟರಿನಷ್ಟು ತಗ್ಗುತ್ತದೆ. ಹಾಗಾಗಿ ಚರ್ಮದ ಉಷ್ಣತೆಯನ್ನು ಅಳೆದು, ತಣ್ಣಗಿದ್ದರೆ ಬೆಚ್ಚಗೆ ಮಾಡಿಕೊಂಡು ದಾಖಲಿಸುವ ಅಭ್ಯಾಸ ಇದೆಯೇ ಎಂದು ಕೇಳಿ ನೋಡಿ. ಹೌದೆಂದು ತಡವರಿಸದೆ ಹೇಳುವ ಪ್ರಯೋಗಾಲಯದಲ್ಲಿ ಕೆಲಸ ಬಲ್ಲವರು ಇದ್ದಾರೆಂದು ತಿಳಿಯಬಹುದು. ಮಳೆಗಾಲದ ವಿದ್ಯುತ್ ವ್ಯತ್ಯಯಕ್ಕೆ ಯುಪಿಎಸ್, ಇಇಜಿಯಲ್ಲಿ 50 ಹರ್ಟ್ಸ್‌ನ ಗದ್ದಲ ನುಗ್ಗದಂತೆ ಸರಿಯಾದ ಅರ್ಥಿಂಗ್, ಸೂಕ್ಷ್ಮದರ್ಶಕದ ಮಸೂರಗಳಿಗೆ ಬೂಷ್ಟು ಹಿಡಿಯದಂತೆ ತೇವಾಂಶ ನಿಯಂತ್ರಣ, ಇವೆಲ್ಲ ಜೂನ್, ಜುಲೈ ತಿಂಗಳಲ್ಲಿ ವಿಭಾಗಕ್ಕೆ ಭೇಟಿ ಕೊಟ್ಟವರಿಗೆ ತಾನಾಗಿಯೇ ಕಾಣುತ್ತವೆ.

ಸ್ಪೈರೋಮೆಟ್ರಿಯದು ಇನ್ನೂ ಸುಲಭದ ಪರೀಕ್ಷೆ. ಮೂರು ಲೀಟರಿನ ಕ್ಯಾಲಿಬ್ರೇಶನ್ ಸಿರಿಂಜ್ ಎಲ್ಲಿದೆ ಎಂದು ಕೇಳಿ. ಅದು ಯಂತ್ರದ ಪಕ್ಕದಲ್ಲೇ ಇದ್ದು, ಬಳಸಿದ ದಿನಾಂಕಗಳು ಪುಸ್ತಕದಲ್ಲಿ ಬರೆದಿದ್ದರೆ ಆ ವಿಭಾಗದ ಅಂಕಿಗಳನ್ನು ನಂಬಬಹುದು. ಬೀರುವಿನ ಕೀಲಿಗಾಗಿ ಯಾರನ್ನೋ ಕರೆಯಬೇಕಾಗಿ ಬಂದರೆ ಯೋಚಿಸಬೇಕು.

ಈ ಎರಡು ಜಿಲ್ಲೆಗಳಲ್ಲಿ ಮಾನವ ಶರೀರಕ್ರಿಯೆಯ ಅಧ್ಯಯನಕ್ಕೆ ಬೇರೆಲ್ಲೂ ಸಿಗದ ಅವಕಾಶಗಳಿವೆ. ಮನೆಯ ಜಗಲಿಯಲ್ಲೇ ಕುಳಿತು ಬೀಡಿ ಕಟ್ಟುವ ಹೆಂಗಸರ ಶ್ವಾಸಕೋಶದ ಸಾಮರ್ಥ್ಯ, ಮಲ್ಪೆಯಿಂದ ವಾರಗಟ್ಟಲೆ ಕಡಲಿಗೆ ಹೋಗುವ ಮೀನುಗಾರರ ನಿದ್ರೆ, ರಾತ್ರಿಯಿಡೀ ವೇಷ ಕಟ್ಟಿ ಕುಣಿದು ಹಗಲು ಮಲಗುವ ಯಕ್ಷಗಾನ ಮೇಳದ ಕಲಾವಿದರ ದೈನಿಕ ಲಯ, ಕಂಬಳದ ಓಟಗಾರರ ಹೃದಯ ಮತ್ತು ಸ್ನಾಯುಗಳ ಸಾಮರ್ಥ್ಯ, ಗೇರುಬೀಜ ಕಾರ್ಖಾನೆಗಳಲ್ಲಿ ಬಿಸಿಯ ನಡುವೆ ಕೆಲಸ ಮಾಡುವವರ ದೇಹದ ಉಷ್ಣ ನಿಯಂತ್ರಣ, ಒಂದೊಂದೂ ಒಳ್ಳೆಯ ಥೀಸಿಸ್‌ಗೆ ಯೋಗ್ಯವಾದ ಪ್ರಶ್ನೆ. ಹಾಗಿದ್ದೂ ಬಹುಪಾಲು ಥೀಸಿಸ್‌ಗಳು ಕೈಗೆ ಸುಲಭವಾಗಿ ಸಿಗುವ 18ರಿಂದ 25 ವರ್ಷದ ವೈದ್ಯಕೀಯ ವಿದ್ಯಾರ್ಥಿಗಳ ಮೇಲೆಯೇ ನಡೆಯುತ್ತಿರುವುದು ನನಗೆ ಬೇಸರದ ಸಂಗತಿ. ಹೊತ್ತೊಯ್ಯಬಹುದಾದ ಸ್ಪೈರೋಮೀಟರ್, ಹೊರಗೆ ಹೋಗಲು ವಾಹನ, ಸಮುದಾಯ ವೈದ್ಯಶಾಸ್ತ್ರ ವಿಭಾಗದೊಂದಿಗೆ ಒಳ್ಳೆಯ ಸಂಬಂಧ, ಈ ಮೂರೂ ಇರುವ ವಿಭಾಗ ಸಿಕ್ಕಿದರೆ ಅದನ್ನು ಬಿಡಬಾರದು. ಹೊರಗಿನ ಜನರ ಮೇಲೆ ಅಧ್ಯಯನ ನಡೆಸುವಾಗ ಒಪ್ಪಿಗೆ ಪತ್ರ ಕನ್ನಡದಲ್ಲಿದ್ದರೆ ಸಾಲದು. ತುಳು, ಕೊಂಕಣಿ, ಬ್ಯಾರಿ ಮಾತಾಡುವವರಿಗೆ ಅವರ ಮಾತಿನಲ್ಲೇ ವಿವರಿಸಬಲ್ಲವರು ತಂಡದಲ್ಲಿ ಇರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನೈತಿಕ ಮಾರ್ಗಸೂಚಿಯೂ ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕೆಂದೇ ಹೇಳುತ್ತದೆ.

ಪ್ರಾಣಿಗಳ ಮೇಲಿನ ಅಧ್ಯಯನಕ್ಕೆ ಬೇಕಾಗುವ ವ್ಯವಸ್ಥೆಯೇ ಬೇರೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ರಚಿತವಾದ ಕೇಂದ್ರ ಸಮಿತಿಯಲ್ಲಿ, ಮೊದಲು ಸಿಪಿಸಿಎಸ್‌ಇಎ ಎಂದೂ ಈಗ ಸಿಸಿಎಸ್‌ಇಎ ಎಂದೂ ಕರೆಯುವ ಸಮಿತಿಯಲ್ಲಿ, ನೋಂದಣಿಯಾದ ಅನಿಮಲ್ ಹೌಸ್ ಇರಬೇಕು. ಇಲಿ, ಹೆಗ್ಗಣಗಳ ಮೇಲಿನ ಪ್ರಸ್ತಾವವನ್ನು ಸಂಸ್ಥೆಯ ಪ್ರಾಣಿ ನೈತಿಕ ಸಮಿತಿ ಒಪ್ಪಬೇಕು; ಆ ಸಭೆಗೆ ಕೇಂದ್ರ ಸಮಿತಿಯ ನಾಮನಿರ್ದೇಶಿತರು ಬರಬೇಕಾಗಿರುವುದರಿಂದ ಸಭೆಯ ದಿನಾಂಕ ಮುಂದೆ ಹೋದರೆ ಥೀಸಿಸ್‌ ಕೂಡ ಮುಂದೆ ಹೋಗುತ್ತದೆ. ಹಿಂದಿನ ವರ್ಷ ಸಮಿತಿ ಎಷ್ಟು ಬಾರಿ ಸೇರಿತು ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಕತ್ತಲೆಯ ನಿಯಂತ್ರಣ, ವಿದ್ಯುತ್ ಹೋದಾಗ ಜನರೇಟರ್, ಪ್ರಾಣಿಗಳ ಪಶುವೈದ್ಯ, ಮೆದುಳಿನ ನಿರ್ದಿಷ್ಟ ಜಾಗಕ್ಕೆ ತಲುಪಲು ಸ್ಟೀರಿಯೋಟ್ಯಾಕ್ಸಿಕ್ ಉಪಕರಣ, ನೆನಪಿನ ಪರೀಕ್ಷೆಗೆ ಮಾರಿಸ್ ವಾಟರ್ ಮೇಜ್ ಅಥವಾ ಟಿ-ಮೇಜ್, ಕೊನೆಯಲ್ಲಿ ಅಂಗಾಂಶದ ತೆಳು ಪದರ ಕತ್ತರಿಸಲು ಮೈಕ್ರೋಟೋಮ್, ಈ ಸರಪಳಿಯಲ್ಲಿ ಯಾವ ಕೊಂಡಿ ಬೇರೆ ವಿಭಾಗದ ಕೈಯಲ್ಲಿದೆಯೋ ಅಲ್ಲಿ ಕಾಯಬೇಕಾಗುತ್ತದೆ ಎಂದು ತಿಳಿದಿರಬೇಕು. ಮೂರು ವರ್ಷದ ಎಂಡಿಗೆ ಇದು ಹೊರೆಯೇ. ಪಿಎಚ್‌ಡಿಗಾದರೆ, ಅದರಲ್ಲೂ ನರವಿಜ್ಞಾನದಲ್ಲಿ ಮುಂದುವರಿಯಬೇಕೆಂದಿರುವವರಿಗಾದರೆ, ಬೇರೆ ರೀತಿಯಲ್ಲಿ ಸಿಗದ ತರಬೇತಿ.

ಇಲ್ಲಿನ ಕಾಲೇಜುಗಳು

ಈ ಭಾಗದಲ್ಲಿ ಅತಿ ಹಳೆಯ ಪರಂಪರೆಯಿರುವುದು ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿಗೆ. ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಸ್ಥಾಪಿಸಿದ ಈ ಕಾಲೇಜು 1993ರಿಂದ ಮಾಹೆ ಎಂಬ ಡೀಮ್ಡ್ ವಿಶ್ವವಿದ್ಯಾಲಯದ ಭಾಗ. ಪ್ರಾಣಿ ಅಧ್ಯಯನಕ್ಕೆ ಕೇಂದ್ರೀಯ ಅನಿಮಲ್ ರಿಸರ್ಚ್ ಸೌಲಭ್ಯ ಕ್ಯಾಂಪಸ್ಸಿನಲ್ಲೇ ಇದೆ. ಇಲಿಗಳ ಕಲಿಕೆ ಮತ್ತು ನೆನಪಿನ ಮೇಲಿನ ಅಧ್ಯಯನಕ್ಕೆ ಅಲ್ಲಿ ಗಟ್ಟಿ ಹಿನ್ನೆಲೆಯಿದೆ. ನಮ್ಮ ಬೇಲಿಗಳಲ್ಲಿ ನೀಲಿ ಹೂ ಬಿಡುವ ಶಂಖಪುಷ್ಪದ ಬೇರಿನ ಸಾರವನ್ನು ಬೆಳೆಯುವ ಹಂತದ ಇಲಿಗಳಿಗೆ ಕೊಟ್ಟು ಅವುಗಳ ಕಲಿಕೆಯನ್ನು ಅಳೆದ ಅಧ್ಯಯನವೊಂದು 2001ರಲ್ಲಿ ಇಂಡಿಯನ್ ಜರ್ನಲ್ ಆಫ್ ಫಿಸಿಯಾಲಜಿ ಅಂಡ್ ಫಾರ್ಮಕಾಲಜಿಯಲ್ಲಿ ಮಣಿಪಾಲದಿಂದ ಪ್ರಕಟವಾಗಿತ್ತು. ಜೀವವಿಜ್ಞಾನ, ಔಷಧ ವಿಜ್ಞಾನ, ಎಂಜಿನಿಯರಿಂಗ್, ಫಿಸಿಯೋಥೆರಪಿ ಎಲ್ಲವೂ ನಡೆದು ಹೋಗುವಷ್ಟು ದೂರದಲ್ಲಿರುವುದು ಮಣಿಪಾಲದ ದೊಡ್ಡ ಬಲ. ಎಚ್‌ಆರ್‌ವಿ ಸಂಕೇತಗಳ ವಿಶ್ಲೇಷಣೆಗೆ ಬಯೋಮೆಡಿಕಲ್ ಎಂಜಿನಿಯರಿಂಗಿನವರ ಸಹಾಯ ಬೇಕಾದರೆ ಬಸ್ಸು ಹಿಡಿಯಬೇಕಾಗಿಲ್ಲ. ವಿದ್ಯಾರ್ಥಿಗಳ ಸಂಖ್ಯೆ ದೊಡ್ಡದಾದ್ದರಿಂದ ಉಪಕರಣಕ್ಕೆ ಸರದಿಯೂ ದೊಡ್ಡದು ಎಂಬುದು ಇದರ ಇನ್ನೊಂದು ಮುಖ.

ಮಂಗಳೂರಿನ ಕಸ್ತೂರ್ಬಾ ವೈದ್ಯಕೀಯ ಕಾಲೇಜು 1955ರಲ್ಲಿ ಆರಂಭವಾದದ್ದು, ಅದೂ ಮಾಹೆಯದೇ. ಪ್ರೀ-ಕ್ಲಿನಿಕಲ್ ವಿಭಾಗಗಳು ಬಿಜೈಯಲ್ಲಿವೆ. ಇದರ ಅನುಕೂಲವೆಂದರೆ ಸರ್ಕಾರಿ ವೆನ್‌ಲಾಕ್ ಮತ್ತು ಲೇಡಿ ಗೋಶನ್ ಆಸ್ಪತ್ರೆಗಳ ಜೊತೆಗಿನ ಹಳೆಯ ಸಂಬಂಧ. ಮಧುಮೇಹಿಗಳಲ್ಲಿ ನರವಾಹಕತೆ, ಗರ್ಭಿಣಿಯರಲ್ಲಿ ಸ್ವಾಯತ್ತ ನರವ್ಯೂಹದ ಬದಲಾವಣೆ ಮುಂತಾದ ವಿಷಯಗಳನ್ನು ಎತ್ತಿಕೊಳ್ಳುವವರಿಗೆ ಎಲ್ಲ ವರ್ಗದ ರೋಗಿಗಳೂ ಸಿಗುವ ಇಂತಹ ಜಾಗ ಬೇಕು. ಆದರೆ ರೋಗಿ ಆಸ್ಪತ್ರೆಯಲ್ಲಿ, ಯಂತ್ರ ಬಿಜೈಯಲ್ಲಿ ಎಂದಾದರೆ ರೋಗಿಯನ್ನು ಕರೆತರುವವರು ಯಾರು, ಆಟೋ ಖರ್ಚು ಯಾರದು ಎಂಬುದನ್ನು ಸಿನಾಪ್ಸಿಸ್ (ಥೀಸಿಸ್‌ನ ಯೋಜನೆ) ಬರೆಯುವಾಗಲೇ ಇತ್ಯರ್ಥ ಮಾಡಿಕೊಳ್ಳಬೇಕು. ಕೆಲಸ ನಿಲ್ಲುವುದು ಹೆಚ್ಚಾಗಿ ಇಂತಹ ಸಣ್ಣ ವಿಷಯಗಳಲ್ಲೇ.

ತೊಕ್ಕೊಟ್ಟಿನಿಂದ ಒಳಗೆ ಹೋದರೆ ದೇರಳಕಟ್ಟೆಯಲ್ಲಿ ನಿಟ್ಟೆಯ ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿ ಮತ್ತು ಯೆನೆಪೋಯ ವೈದ್ಯಕೀಯ ಕಾಲೇಜು ಅಕ್ಕಪಕ್ಕದಲ್ಲಿವೆ. ಎರಡೂ 1999ರಲ್ಲಿ ಆರಂಭವಾದವು, ಎರಡರ ವಿಶ್ವವಿದ್ಯಾಲಯಗಳಿಗೂ 2008ರಲ್ಲಿ ಡೀಮ್ಡ್ ಮಾನ್ಯತೆ ಸಿಕ್ಕಿತು. ಫಿಸಿಯಾಲಜಿಯ ಪ್ರಶ್ನೆಯನ್ನು ಅಣುಮಟ್ಟದವರೆಗೆ ಒಯ್ಯಬೇಕೆಂದಿರುವ ಪಿಎಚ್‌ಡಿ ಅಭ್ಯರ್ಥಿ ಈ ಎರಡು ಕ್ಯಾಂಪಸ್ಸುಗಳನ್ನು ಗಂಭೀರವಾಗಿ ನೋಡಬೇಕು. ಯೆನೆಪೋಯದಲ್ಲಿ ಮಾಸ್ ಸ್ಪೆಕ್ಟ್ರೋಮೆಟ್ರಿಯ ನೆರವಿನಿಂದ ಪ್ರೋಟೀನುಗಳನ್ನು ಅಧ್ಯಯನ ಮಾಡುವ ಸಿಸ್ಟಮ್ಸ್ ಬಯಾಲಜಿ ಕೇಂದ್ರವಿದೆ. ನಿಟ್ಟೆಗೆ ಪಾನೀರಿನಲ್ಲಿ ವಿಜ್ಞಾನ ಸಂಶೋಧನಾ ಕೇಂದ್ರವಿದೆ. ಇಂತಹ ಕೇಂದ್ರ ಫಿಸಿಯಾಲಜಿ ವಿಭಾಗದ ಹೊರಗಿರುವುದರಿಂದ, ವಿಭಾಗದ ವಿದ್ಯಾರ್ಥಿಗೆ ಅಲ್ಲಿ ಕೆಲಸ ಮಾಡಲು ಅವಕಾಶವಿದೆಯೇ, ಪ್ರತಿ ಮಾದರಿಗೆ ಶುಲ್ಕವಿದೆಯೇ, ಅಲ್ಲಿನವರೊಬ್ಬರು ಸಹ-ಮಾರ್ಗದರ್ಶಕರಾಗಬಲ್ಲರೇ ಎಂಬ ಉತ್ತರಗಳು ಸಿಕ್ಕ ಮೇಲಷ್ಟೇ ಅದನ್ನು ತನ್ನ ಅನುಕೂಲವೆಂದು ಎಣಿಸಬೇಕು.

ಕಂಕನಾಡಿಯ ಫಾದರ್ ಮುಲ್ಲರ್ ಮತ್ತು ಕುಂಟಿಕಾನದ ಎ.ಜೆ. ಕಾಲೇಜುಗಳು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಬೆಳೆದ ಕಾಲೇಜುಗಳು. ಈ ವ್ಯವಸ್ಥೆಯ ಸೀಟುಗಳಿಗೆ ಕೌನ್ಸೆಲಿಂಗ್ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಮೂಲಕ ನಡೆಯುತ್ತದೆ. ಡೀಮ್ಡ್ ವಿಶ್ವವಿದ್ಯಾಲಯಗಳದ್ದು ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿಯ (ಎಂಸಿಸಿ) ಮೂಲಕ. ಎರಡು ಕಡೆಯ ಶುಲ್ಕಕ್ಕೂ ಗಣನೀಯ ವ್ಯತ್ಯಾಸವಿರುವುದರಿಂದ ಎರಡೂ ಕಡೆ ನೋಂದಾಯಿಸಿಕೊಳ್ಳುವುದು ಜಾಣತನ. ಪಟ್ಟಣದ ಒಳಗೇ ದೊಡ್ಡ ಆಸ್ಪತ್ರೆಯೊಂದಿಗೆ ಒಂದೇ ಆವರಣದಲ್ಲಿರುವ ವಿಭಾಗದಲ್ಲಿ, ಪ್ರಾಧ್ಯಾಪಕರ ಸಂಖ್ಯೆ ಚಿಕ್ಕದಾದರೂ, ಎಂಡಿ ವಿದ್ಯಾರ್ಥಿಗೆ ಸಿಗುವ ಗಮನ ದೊಡ್ಡ ಕ್ಯಾಂಪಸ್ಸಿಗಿಂತ ಹೆಚ್ಚಿರುತ್ತದೆ. ಕ್ಲಿನಿಕಲ್ ಥೀಸಿಸ್ ಮಾಡಿ ಉತ್ತಮ ಅಧ್ಯಾಪಕರಾಗಬೇಕೆಂಬುದೇ ಆಸೆಯಾಗಿದ್ದರೆ ಇಂತಹ ವಿಭಾಗ ಸಾಕು, ಕೆಲವರಿಗೆ ಇದೇ ಉತ್ತಮ. ಮುಕ್ಕ, ನಾಟೆಕಲ್‌ಗಳ ಹೊಸ ಕಾಲೇಜುಗಳ ಬಗ್ಗೆ ಹೇಳಬಹುದಾದದ್ದು ಇಷ್ಟೇ: ಅಲ್ಲಿಂದ ಎಷ್ಟು ಸ್ನಾತಕೋತ್ತರ ತಂಡಗಳು ಹೊರಬಿದ್ದಿವೆ ಎಂದು ನೋಡಿ ತೀರ್ಮಾನಿಸಿ.

ವೈದ್ಯಕೀಯ ಕಾಲೇಜಿನ ಹೊರಗಿನ ದಾರಿಯನ್ನು ನಮ್ಮಲ್ಲಿ ಬಹಳ ಜನ ಮರೆಯುತ್ತಾರೆ. ಕೊಣಾಜೆಯಲ್ಲಿ 1980ರಲ್ಲಿ ಸ್ಥಾಪನೆಯಾದ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಅನ್ವಯಿಕ ಪ್ರಾಣಿಶಾಸ್ತ್ರ, ಜೀವವಿಜ್ಞಾನ, ಜೀವರಸಾಯನಶಾಸ್ತ್ರ ವಿಭಾಗಗಳಿವೆ. ಅಲ್ಲಿನ ಮೈಕ್ರೋಟ್ರಾನ್ ಕೇಂದ್ರದಲ್ಲಿ 8 ಎಂಇವಿ (ಮೆಗಾ ಎಲೆಕ್ಟ್ರಾನ್ ವೋಲ್ಟ್) ಸಾಮರ್ಥ್ಯದ ಎಲೆಕ್ಟ್ರಾನ್ ವೇಗವರ್ಧಕವಿದೆ. ವಿಕಿರಣ ದೇಹದ ಮೇಲೆ ಏನು ಮಾಡುತ್ತದೆ ಎಂಬ ಪ್ರಶ್ನೆ ಇಟ್ಟುಕೊಂಡವರಿಗೆ ಇಂತಹ ಸೌಲಭ್ಯ ದೇಶದಲ್ಲೇ ಹೆಚ್ಚು ಕಡೆ ಇಲ್ಲ. ಸಾರ್ವಜನಿಕ ವಿಶ್ವವಿದ್ಯಾಲಯವಾದ್ದರಿಂದ ಶುಲ್ಕ ಖಾಸಗಿಯವರಿಗೆ ಹೋಲಿಸಿದರೆ ಬಹಳ ಕಡಿಮೆ. ಪ್ರಾಣಾಯಾಮ, ಧ್ಯಾನಗಳ ಶರೀರಕ್ರಿಯೆಯಲ್ಲಿ ಆಸಕ್ತಿಯಿರುವವರಿಗೆ ಅಲ್ಲಿಯೇ ಯೋಗ ವಿಜ್ಞಾನ ವಿಭಾಗವಿದೆ, ಉಜಿರೆಯಲ್ಲಿ ಎಸ್‌ಡಿಎಂ ಪ್ರಕೃತಿ ಚಿಕಿತ್ಸಾ ಕಾಲೇಜಿದೆ. ಅದೇ ವಿಷಯವನ್ನು ವೈದ್ಯಕೀಯ ಕಾಲೇಜಿನ ಫಿಸಿಯಾಲಜಿಯಲ್ಲಿ ಮಾಡುವುದಾದರೂ ಯೋಗ ಕಲಿಸುವವರು ಬಲ್ಲವರಾಗಿರಬೇಕು. ಹೋಲಿಕೆಯ ಗುಂಪು ಇಲ್ಲದೆ ಮಾಡಿದ ಯೋಗ ಅಧ್ಯಯನಗಳು ಈಗಾಗಲೇ ಬೇಕಾದಷ್ಟಿವೆ, ಇನ್ನೊಂದನ್ನು ಸೇರಿಸುವುದರಲ್ಲಿ ಪ್ರಯೋಜನವಿಲ್ಲ.

ಗೈಡ್ ಮತ್ತು ಹಣ

ಪಿಎಚ್‌ಡಿ ಅಭ್ಯರ್ಥಿಗೆ ಕಾಲೇಜಿಗಿಂತಲೂ ಗೈಡ್ ಮುಖ್ಯ. ಯುಜಿಸಿಯ 2022ರ ನಿಯಮಗಳ ಪ್ರಕಾರ ಪ್ರೊಫೆಸರೊಬ್ಬರು ಏಕಕಾಲಕ್ಕೆ ಎಂಟು, ಅಸೋಸಿಯೇಟ್ ಪ್ರೊಫೆಸರ್ ಆರು, ಅಸಿಸ್ಟೆಂಟ್ ಪ್ರೊಫೆಸರ್ ನಾಲ್ಕು ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಕೋರ್ಸ್ ವರ್ಕ್‌ಗೆ ಕನಿಷ್ಠ 12 ಕ್ರೆಡಿಟ್, ಒಟ್ಟು ಅವಧಿ ಕನಿಷ್ಠ ಮೂರು, ಗರಿಷ್ಠ ಆರು ವರ್ಷ; ಮಹಿಳೆಯರಿಗೆ ಮತ್ತು ಶೇಕಡಾ 40ಕ್ಕಿಂತ ಹೆಚ್ಚಿನ ಅಂಗವೈಕಲ್ಯವಿರುವವರಿಗೆ ಇನ್ನೆರಡು ವರ್ಷಗಳ ಸಡಿಲಿಕೆಗೆ ಅವಕಾಶವಿದೆ. ಗೈಡಿನ ಖಾಲಿ ಜಾಗಗಳ ಸಂಖ್ಯೆಯ ಜೊತೆಗೆ, ಅವರ ಬಳಿ ಹಿಂದೆ ಸೇರಿದವರಲ್ಲಿ ಎಷ್ಟು ಮಂದಿ ಮುಗಿಸಿದರು, ಎಷ್ಟು ವರ್ಷದಲ್ಲಿ ಮುಗಿಸಿದರು ಎಂಬುದನ್ನು ಈಗಿನ ವಿದ್ಯಾರ್ಥಿಗಳಿಂದ ಕೇಳಿ ತಿಳಿಯುವುದು ಒಳ್ಳೆಯದು. ಅವರು ಪ್ರಕಟಿಸಿದ ಲೇಖನಗಳಲ್ಲಿ ಮೊದಲ ಹೆಸರು ವಿದ್ಯಾರ್ಥಿಯದೇ ಅಲ್ಲವೇ ಎಂದು ವೈದ್ಯಕೀಯ ಲೇಖನಗಳ ಆನ್‌ಲೈನ್ ಸೂಚಿಯಾದ ಪಬ್‌ಮೆಡ್‌ನಲ್ಲಿ ಹುಡುಕಿ ನೋಡಿ. ವಿದ್ಯಾರ್ಥಿ ಮಾಡಿದ ಕೆಲಸಕ್ಕೆ ವಿದ್ಯಾರ್ಥಿಯ ಹೆಸರು ಮುಂದಿಡುವ ಗೈಡ್ ಉಳಿದ ವಿಷಯಗಳಲ್ಲೂ ನ್ಯಾಯವಾಗಿಯೇ ನಡೆದುಕೊಳ್ಳುವ ಸಂಭವ ಹೆಚ್ಚು.

ಹಣದ ವಿಚಾರದಲ್ಲಿ, ಐಸಿಎಂಆರ್ ಅಥವಾ ಸಿಎಸ್‌ಐಆರ್-ಯುಜಿಸಿಯ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಇದ್ದವರ ಬಲವೇ ಬೇರೆ. 2023ರ ಜನವರಿಯಿಂದ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ, ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋಶಿಪ್) 42,000 ರೂಪಾಯಿ. ಮನೆ ಬಾಡಿಗೆ ಭತ್ಯೆ ಪ್ರತ್ಯೇಕ. ಖಾಸಗಿ ವಿಶ್ವವಿದ್ಯಾಲಯಗಳು ತಮ್ಮದೇ ಫೆಲೋಶಿಪ್‌ಗಳನ್ನು ಕೊಡುತ್ತವೆ, ಮಾಹೆಯಲ್ಲಿ ಡಾ. ಟಿ.ಎಂ.ಎ. ಪೈ ಹೆಸರಿನದು ಇದೆ. ಇಂತಹ ಫೆಲೋಶಿಪ್‌ಗೆ ಪ್ರತಿಯಾಗಿ ವಾರಕ್ಕೆ ಎಷ್ಟು ಗಂಟೆ ಪಾಠ ಮಾಡಬೇಕು ಎಂಬುದನ್ನು ಲಿಖಿತವಾಗಿ ತಿಳಿದುಕೊಳ್ಳಿ. ಎಂಬಿಬಿಎಸ್ ಜೊತೆಗೆ ಡೆಂಟಲ್, ನರ್ಸಿಂಗ್, ಫಿಸಿಯೋಥೆರಪಿ ತರಗತಿಗಳೂ ಅದೇ ವಿಭಾಗದ ತಲೆಯ ಮೇಲಿದ್ದರೆ ಸಂಶೋಧನಾ ವಿದ್ಯಾರ್ಥಿಯ ಬೆಳಗಿನ ಹೊತ್ತು ಪ್ರಾಕ್ಟಿಕಲ್ ಹಾಲಿನಲ್ಲೇ ಕಳೆಯುತ್ತದೆ. ಸ್ವಾಯತ್ತ ನರವ್ಯೂಹದ ಪರೀಕ್ಷೆಗಳಿಗೆ ಯೋಗ್ಯವಾದ ಹೊತ್ತೂ ಅದೇ ಬೆಳಗು. ಪಾಠ ಮಾಡುವುದು ಒಳ್ಳೆಯ ತರಬೇತಿ ಎಂಬುದರಲ್ಲಿ ಎರಡು ಮಾತಿಲ್ಲ, ಆದರೆ ವಾರದಲ್ಲಿ ಎರಡು ಬೆಳಗುಗಳಾದರೂ ತನ್ನದಾಗಿ ಉಳಿಯಬೇಕು.

ಭೇಟಿಯ ದಿನ

ಸೇರುವ ಮೊದಲು ಒಂದು ದಿನ ವಿಭಾಗಕ್ಕೆ ಹೋಗಿ ಬನ್ನಿ. ಮುಖ್ಯಸ್ಥರಿಗೆ ಮೊದಲೇ ಇಮೇಲ್ ಬರೆದು ಅನುಮತಿ ಕೇಳಿದರೆ ಈ ಭಾಗದ ಹೆಚ್ಚಿನ ವಿಭಾಗಗಳಲ್ಲಿ ಒಳ್ಳೆಯ ರೀತಿಯಲ್ಲೇ ಬರಮಾಡಿಕೊಳ್ಳುತ್ತಾರೆ. ವಿಭಾಗದ ಗ್ರಂಥಾಲಯದಲ್ಲಿ ಕಳೆದ ಐದು ವರ್ಷಗಳ ಥೀಸಿಸ್‌ಗಳನ್ನು ತೆಗೆದು ವಿಧಾನಗಳ ಅಧ್ಯಾಯವನ್ನು ಮಾತ್ರ ಓದಿ: ಯಾವ ಯಂತ್ರದ ಮೇಲೆ, ಎಷ್ಟು ಜನರ ಮೇಲೆ, ಯಾರು ಅಳೆದರು ಎಂಬುದು ಅಲ್ಲಿರುತ್ತದೆ. ಐದು ವರ್ಷಗಳಲ್ಲಿ ಒಮ್ಮೆಯೂ ಕಾಣಿಸಿಕೊಳ್ಳದ ಯಂತ್ರ ಪುಸ್ತಿಕೆಯ ಚಿತ್ರದಲ್ಲಿದ್ದರೆ ಅದು ಕೆಟ್ಟಿರಬಹುದು, ಇಲ್ಲವೇ ನಡೆಸಬಲ್ಲವರು ಬಿಟ್ಟು ಹೋಗಿರಬಹುದು. ಆ ಯಂತ್ರದ ಲಾಗ್ ಬುಕ್ಕನ್ನು ತೋರಿಸುವಂತೆ ವಿನಯದಿಂದಲೇ ಕೇಳಿ. ವಾರ್ಷಿಕ ನಿರ್ವಹಣಾ ಒಪ್ಪಂದ ಚಾಲ್ತಿಯಲ್ಲಿದೆಯೇ, ಎಲೆಕ್ಟ್ರೋಡ್, ಜೆಲ್, ಮೌತ್‌ಪೀಸುಗಳ ಖರ್ಚನ್ನು ವಿದ್ಯಾರ್ಥಿ ಭರಿಸಬೇಕೇ, ಸಂಖ್ಯಾಶಾಸ್ತ್ರದ ನೆರವು ಯಾರಿಂದ ಸಿಗುತ್ತದೆ, ಇವನ್ನು ಸೀನಿಯರ್ ಪಿಜಿಗಳು ಚಹಾ ಕುಡಿಯುತ್ತಾ ಮುಖ್ಯಸ್ಥರಿಗಿಂತ ಬಿಚ್ಚುಮನಸ್ಸಿನಿಂದ ಹೇಳುತ್ತಾರೆ. ಅಧ್ಯಯನದಲ್ಲಿ ಚಿಕಿತ್ಸೆಯೋ ವ್ಯಾಯಾಮವೋ ಕೊಡುವುದಿದ್ದರೆ ಮೊದಲ ಸ್ವಯಂಸೇವಕನನ್ನು ಸೇರಿಸಿಕೊಳ್ಳುವ ಮುನ್ನ ಕ್ಲಿನಿಕಲ್ ಪ್ರಯೋಗಗಳ ರಾಷ್ಟ್ರೀಯ ದಾಖಲೆಯಾದ ಸಿಟಿಆರ್‌ಐಯಲ್ಲಿ ನೋಂದಣಿಯಾಗಬೇಕು. ಹಿಂದಿನ ಥೀಸಿಸ್‌ಗಳಲ್ಲಿ ಆ ನೋಂದಣಿ ಸಂಖ್ಯೆ ಇದೆಯೇ ಎಂದೂ ನೋಡಿ.

ಮೂಲ ಪ್ರಮಾಣಪತ್ರಗಳನ್ನು ಕಾಲೇಜು ಇಟ್ಟುಕೊಳ್ಳುತ್ತದೆಯೇ, ನಡುವೆ ಬಿಟ್ಟರೆ ಎಷ್ಟು ದಂಡ, ಸ್ಟೈಪೆಂಡ್ ಪ್ರತಿ ತಿಂಗಳೂ ಬ್ಯಾಂಕಿಗೇ ಬರುತ್ತದೆಯೇ ಎಂಬ ಪ್ರಶ್ನೆಗಳನ್ನು ಕೌನ್ಸೆಲಿಂಗ್ ಮುಗಿಯುವ ಮೊದಲೇ ಕೇಳಬೇಕು. ಪಿಎಚ್‌ಡಿಯಾದರೆ ಪ್ರವೇಶದ ಪತ್ರದಲ್ಲಿ ಗೈಡಿನ ಹೆಸರು, ಫೆಲೋಶಿಪ್ಪಿನ ಮೊತ್ತ, ಅದು ಎಷ್ಟು ವರ್ಷಗಳವರೆಗೆ ಎಂಬುದು ಬರೆದಿರಲಿ. ಬರೆದು ಕೊಡಲು ಹಿಂಜರಿಯುವ ಕಡೆ ಶುಲ್ಕ ಕಟ್ಟುವ ಮೊದಲು ಇನ್ನೊಂದು ವಿಭಾಗಕ್ಕೂ ಹೋಗಿ ಬನ್ನಿ.